ಚರ್ಮದ ಕ್ಯಾನ್ಸರ್ ತೆಗೆಸಿ ಮನೆಗೆ ಬಂದ ಮೇಲೆ ಎಂತ ಮಾಡಬೇಕು?

ನನ್ನ ಡಿಸ್ಚಾರ್ಜ್ ಚೀಟಿಯ ಕೊನೆಯ ಸಾಲಿನಲ್ಲಿ ಇದ್ದದ್ದು ಎರಡೇ ಶಬ್ದ: ರಿವ್ಯೂ ಎಸ್‌ಒಎಸ್. ತೊಂದರೆ ಆದರೆ ಬನ್ನಿ ಅಂತ. ಎಂತ ತೊಂದರೆ, ಎಲ್ಲಿ ನೋಡಬೇಕು, ಯಾರ ಹತ್ತಿರ ಹೋಗಬೇಕು, ಅದೊಂದೂ ಇಲ್ಲ. 2019ರ ನವೆಂಬರ್‌ನಲ್ಲಿ ಎಡಗಾಲಿನ ಅಂಗಾಲಲ್ಲಿದ್ದ ಕಪ್ಪು ಮಚ್ಚೆಯೊಂದನ್ನು ಮಂಗಳೂರಿನಲ್ಲಿ ತೆಗೆಸಿ, ತೊಡೆಯ ಚರ್ಮವನ್ನು ಅಲ್ಲಿಗೆ ಅಂಟಿಸಿಕೊಂಡು, ಕುಂಟುತ್ತಾ ಪೆರ್ಲದ ಮನೆಗೆ ಬಂದವನು ನಾನು. ಮೆಲನೋಮ, ಅಂದರೆ ಚರ್ಮಕ್ಕೆ ಬಣ್ಣ ಕೊಡುವ ಕಣಗಳ ಕ್ಯಾನ್ಸರ್. ದಪ್ಪ 0.6 ಮಿಲಿಮೀಟರ್. ಬೇಗ ಸಿಕ್ಕಿತು, ನಿಮ್ಮ ಅದೃಷ್ಟ ಅಂದರು ಎಲ್ಲರೂ. ಸರಿ, ಅದೃಷ್ಟವೇ. ಆದರೆ ಮುಂದೆ ಏನು ಅಂತ ಹೇಳುವವರು ಯಾರೂ ಇರಲಿಲ್ಲ.

ಕಾಸರಗೋಡಿನ ನಮ್ಮ ಕಡೆಯ ಕಥೆ ನಿಮಗೆ ಗೊತ್ತೇ ಉಂಟು. ಮೊದಲ ಬಯಾಪ್ಸಿ ಒಂದು ಕಡೆ. ಆಪರೇಷನ್ ಗಡಿ ದಾಟಿ ಮಂಗಳೂರಿನಲ್ಲಿ. ಡ್ರೆಸ್ಸಿಂಗ್ ಊರಿನ ಆರೋಗ್ಯ ಕೇಂದ್ರದಲ್ಲಿ. ಒಬ್ಬರ ಚೀಟಿ ಇಂಗ್ಲಿಷ್, ಇನ್ನೊಬ್ಬರದ್ದು ಮಲಯಾಳ, ಮೂರನೆಯವರದ್ದು ಯಾರಿಗೂ ಓದಲಿಕ್ಕಾಗದ್ದು. ಪೂರ್ತಿ ಕಥೆ ಗೊತ್ತಿರುವ ಡಾಕ್ಟರ್ ಒಬ್ಬರೂ ಇರುವುದಿಲ್ಲ. ಇಡೀ ಕಥೆ ಇರುವುದು ನಿಮ್ಮ ಹತ್ತಿರ ಮಾತ್ರ. ಅದನ್ನು ಇಟ್ಟುಕೊಳ್ಳುವುದು ಹೇಗೆ, ಬೇಕಾದಾಗ ಬಾಯಿ ಬಿಟ್ಟು ಹೇಳುವುದು ಹೇಗೆ, ಇದಿಷ್ಟೇ ಇಲ್ಲಿ ಬರೆಯುತ್ತೇನೆ. ಸುರುವಿನ ಹಂತದಲ್ಲೇ ಸಿಕ್ಕಿ ತೆಗೆಸಿಕೊಂಡವರಿಗೆ ಇದು. ಹರಡಿದವರ ದಾರಿ ಬೇರೆ.

ಮೊದಲು ಕಾಗದ

ಹೊಲಿಗೆ ಬಿಚ್ಚುವ ದಿನವೇ ಪೆಥಾಲಜಿ ರಿಪೋರ್ಟಿನ, ಅಂದರೆ ತೆಗೆದ ತುಂಡನ್ನು ಲ್ಯಾಬಿನಲ್ಲಿ ಪರೀಕ್ಷಿಸಿ ಬರೆದ ರಿಪೋರ್ಟಿನ, ಪೂರ್ತಿ ಪ್ರತಿ ಕೇಳಿ. ಎರಡು ಸಲ ಕತ್ತರಿಸಿದ್ದರೆ ಎರಡು ರಿಪೋರ್ಟ್ ಇರುತ್ತದೆ, ಎರಡೂ ಬೇಕು. (ಮೊದಲನೆಯದು ಅದು ಏನು ಅಂತ ತಿಳಿಯಲಿಕ್ಕೆ. ಎರಡನೆಯದು ಸುತ್ತಲಿನ ಒಳ್ಳೆಯ ಚರ್ಮವನ್ನೂ ಸ್ವಲ್ಪ ಸೇರಿಸಿ ತೆಗೆಯಲಿಕ್ಕೆ. ಹಾಗಾಗಿ 'ಮತ್ತೆ ಯಾಕೆ ಕೊಯ್ದರು, ಮೊದಲು ತಪ್ಪಾಗಿತ್ತಾ' ಅಂತ ಹೆದರಬೇಡಿ.) ಡಿಸ್ಚಾರ್ಜ್ ಚೀಟಿ ಇದ್ದರೆ ಸಾಕು ಅಂತ ನಾನೂ ಅಂದುಕೊಂಡಿದ್ದೆ. ನನ್ನದರಲ್ಲಿ ಮಚ್ಚೆ ತೆಗೆದಿದ್ದೇವೆ ಅನ್ನುವುದು ಬಿಟ್ಟರೆ ಏನೂ ಇರಲಿಲ್ಲ. ದಪ್ಪ ಎಷ್ಟು ಅಂತ ತಿಳಿಯಲು ಕುಂಟುಕಾಲಲ್ಲಿ ಎರಡು ಸಲ ಬಸ್ಸು ಹತ್ತಿದೆ. ಒಂದು ಸಲ ಕೌಂಟರಿನವರು ಊಟಕ್ಕೆ ಹೋಗಿದ್ದರು, ಇನ್ನೊಂದು ಸಲ 'ಡಾಕ್ಟ್ರಿಗೆ ಮಾತ್ರ ಕೊಡುವುದು' ಅಂದರು.

ಅದು ಸುಳ್ಳು. ದೇಶದ ವೈದ್ಯಕೀಯ ಮಂಡಳಿಯ 2002ರ ನಿಯಮದಲ್ಲಿ ಸ್ಪಷ್ಟವಾಗಿ ಉಂಟು: ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ದಾಖಲೆ ಇಟ್ಟುಕೊಳ್ಳಬೇಕಾದದ್ದು ಚಿಕಿತ್ಸೆ ಸುರುವಾದಲ್ಲಿಂದ ಮೂರು ವರ್ಷ. ಅಂದರೆ ಆಮೇಲೆ ಕೇಳುವಾ ಅಂತ ಬಿಟ್ಟರೆ ಹೋಯಿತು. ಬಾಯಲ್ಲಿ ಕೇಳಿ ಆಗದಿದ್ದರೆ ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಡಿ, ಕೊಟ್ಟದ್ದಕ್ಕೆ ಸೀಲು ಹಾಕಿಸಿ. ಇಲ್ಲಿನ ಸರಕಾರಿ ಆಸ್ಪತ್ರೆಗಾದರೆ ಕನ್ನಡದಲ್ಲೇ ಬರೆಯಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಕನ್ನಡದವರಿಗೆ ಆ ಹಕ್ಕು ಕೊಟ್ಟಿದೆ, ನಾವು ಬಳಸುವುದಿಲ್ಲ ಅಷ್ಟೇ.

ರಿಪೋರ್ಟಿನಲ್ಲಿ ಏನು ನೋಡಬೇಕು? ಮೊದಲು ಜಾತಿ: ಬೇಸಲ್ ಸೆಲ್, ಸ್ಕ್ವೇಮಸ್ ಸೆಲ್, ಮೆಲನೋಮ. 'ಚರ್ಮದ ಕ್ಯಾನ್ಸರ್' ಅಂತ ಒಂದೇ ಹೆಸರು ಹೇಳುತ್ತೇವೆ, ಮೂರರ ಗುಣ ಮಾತ್ರ ಬೇರೆ ಬೇರೆ. ಬೇಸಲ್ ಸೆಲ್ ದೂರಕ್ಕೆ ಹೋಗುವುದು ತುಂಬಾ ಅಪರೂಪ, ಇದ್ದಲ್ಲೇ ಕೊರೆಯುತ್ತದೆ. ಸ್ಕ್ವೇಮಸ್ ಕೆಲವೊಮ್ಮೆ ಹರಡುತ್ತದೆ. ನಮ್ಮಲ್ಲಿ ಹಳೇ ಸುಟ್ಟ ಕಲೆ, ವರ್ಷಗಟ್ಟಲೆ ಮಾಯದ ಹುಣ್ಣಿನ ಮೇಲೆ ಬರುವುದು ಹೆಚ್ಚಾಗಿ ಇದು. ಮೆಲನೋಮಕ್ಕೆ ಹೆದರಬೇಕು. ಅದಕ್ಕೇ ಅದರಲ್ಲಿ ದಪ್ಪದ ಲೆಕ್ಕ ಮುಖ್ಯ, ರಿಪೋರ್ಟಿನಲ್ಲಿ ಬ್ರೆಸ್ಲೋ ಅಂತ ಇರುತ್ತದೆ. ಜೊತೆಗೆ ಮೇಲೆ ಹುಣ್ಣಾಗಿತ್ತಾ ಇಲ್ಲವಾ ಅನ್ನುವುದು. 0.8 ಮಿಲಿಮೀಟರ್‌ಗಿಂತ ಕಡಿಮೆ ಇದ್ದು ಹುಣ್ಣಾಗಿಲ್ಲದಿದ್ದರೆ ಸಾಮಾನ್ಯವಾಗಿ ಲಿಂಫ್ ಗ್ರಂಥಿ ತೆಗೆದು ನೋಡುವುದಿಲ್ಲ. 0.8ರಿಂದ 1ರ ನಡುವೆ ಇದ್ದರೆ, ಅಥವಾ ಹುಣ್ಣಾಗಿದ್ದರೆ, ಸೆಂಟಿನೆಲ್ ನೋಡ್ ಬಯಾಪ್ಸಿ (ಕ್ಯಾನ್ಸರ್ ಮೊದಲು ಹರಡಬಹುದಾದ ಗ್ರಂಥಿಯನ್ನು ತೆಗೆದು ನೋಡುವುದು) ಬೇಕಾ ಅಂತ ನೀವೇ ಕೇಳಿ. 1 ಮೀರಿದರೆ ಅವರೇ ಹೇಳುತ್ತಾರೆ. ಹೇಳದಿದ್ದರೆ ಇನ್ನೊಬ್ಬರನ್ನು ಕಾಣಿ. ಮೂರರಲ್ಲೂ ಕೊನೆಗೆ ಅಂಚು ನೋಡಿ: ಮಾರ್ಜಿನ್ ಕ್ಲಿಯರ್ ಅಂತ ಉಂಟಾ, ಅಂಚಿನವರೆಗೂ ಕ್ಯಾನ್ಸರ್ ಇತ್ತಾ? ಅಂಚಿನಲ್ಲಿ ಉಳಿದಿದ್ದರೆ 'ಕಾದು ನೋಡುವಾ' ಅನ್ನುವ ಮಾತಿಗೆ ಕಾರಣ ಕೇಳದೆ ಏಳಬೇಡಿ.

ಇನ್ನೊಂದು ವಿಷಯ ಹೆಚ್ಚಿನವರಿಗೆ ಗೊತ್ತಿಲ್ಲ. ತೆಗೆದ ತುಂಡನ್ನು ಮೇಣದ ಬ್ಲಾಕ್ ಮಾಡಿ ಲ್ಯಾಬಿನಲ್ಲಿ ಇಟ್ಟಿರುತ್ತಾರೆ. ಬೇರೆ ಕಡೆ ಎರಡನೇ ಅಭಿಪ್ರಾಯ ಬೇಕಾದರೆ ಬ್ಲಾಕು, ಸ್ಲೈಡು ಕೇಳಿ ಒಯ್ಯಬಹುದು. ಹಾಗಾಗಿ ಲ್ಯಾಬಿನ ಹೆಸರು, ರಿಪೋರ್ಟಿನ ನಂಬರ್ ಬರೆದಿಟ್ಟುಕೊಳ್ಳಿ. ಎಲ್ಲದರ ಫೋಟೋ ಫೋನಿನಲ್ಲಿ, ಒಂದು ಜೆರಾಕ್ಸ್ ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ. ಮೂಲ ಪ್ರತಿ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ, ಯಾಕೆಂದರೆ ನಮ್ಮ ಜೂನ್ ಜುಲೈಯಲ್ಲಿ ಕಪಾಟಿನೊಳಗಿನ ಕಾಗದಕ್ಕೂ ಬೂಸ್ಟು ಹಿಡಿಯುತ್ತದೆ.

ಇನ್ಶೂರೆನ್ಸ್ ವಿಷಯವನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಇದ್ದರೆ ಕ್ಯಾನ್ಸರ್ ಅಂದ ಕೂಡಲೇ ದುಡ್ಡು ಬರುತ್ತದೆ ಅಂತ ಏಜೆಂಟರು ಹೇಳಿರುತ್ತಾರೆ. ಇನ್ಶೂರೆನ್ಸ್ ನಿಯಂತ್ರಣ ಸಂಸ್ಥೆ ಐಆರ್‌ಡಿಎಐಯ ವ್ಯಾಖ್ಯೆಯಲ್ಲಿ ಬೇಸಲ್, ಸ್ಕ್ವೇಮಸ್ ಎರಡೂ ಹರಡದಿದ್ದರೆ ಹೊರಗೆ. ಚರ್ಮದ ಮೇಲಿನ ಪದರ ದಾಟದ ಮೆಲನೋಮವೂ ಹೊರಗೆ. ನನ್ನದು ಪದರ ದಾಟಿತ್ತು. ಅದು ರಿಪೋರ್ಟಿನ ಒಂದು ಸಾಲಿನಲ್ಲಿ ಇತ್ತು, ಡಿಸ್ಚಾರ್ಜ್ ಚೀಟಿಯಲ್ಲಿ ಇರಲಿಲ್ಲ. ಕ್ಲೇಮಿಗೆ ಕಳಿಸುವಾಗ ಯಾವ ಕಾಗದ ಕಳಿಸಬೇಕು ಅಂತ ಈಗ ಗೊತ್ತಾಯಿತಲ್ವಾ? ಮಾಮೂಲಿ ಆಸ್ಪತ್ರೆ ಖರ್ಚಿನ ಪಾಲಿಸಿಯ ಕಥೆ ಬೇರೆ, ಅಲ್ಲಿ ಈ ಕಟ್ಟು ಇಲ್ಲ.

ಎಷ್ಟು ಸಮಯಕ್ಕೊಮ್ಮೆ ಹೋಗಬೇಕು

'ಎಸ್‌ಒಎಸ್' ಸಾಲದು. ಸಾಮಾನ್ಯವಾಗಿ ನಡೆಯುವ ಲೆಕ್ಕ ಹೀಗೆ: ಸುರುವಿನ ಹಂತದ ಮೆಲನೋಮ ಆದರೆ ಐದು ವರ್ಷ ಆರರಿಂದ ಹನ್ನೆರಡು ತಿಂಗಳಿಗೊಮ್ಮೆ, ಆಮೇಲೆ ಬದುಕಿರುವವರೆಗೆ ವರ್ಷಕ್ಕೊಮ್ಮೆ. ಬೇಸಲ್ ಸೆಲ್‌ಗೂ ಹೆಚ್ಚುಕಡಿಮೆ ಹಾಗೆಯೇ. ಸ್ಕ್ವೇಮಸ್ ಆದರೆ ಮೊದಲ ಎರಡು ವರ್ಷ ಸ್ವಲ್ಪ ಜಾಸ್ತಿ ಹೋಗಬೇಕು, ಮೂರು ತಿಂಗಳಿಗೂ ಕರೆಯಬಹುದು, ಮರಳಿ ಬರುವುದಿದ್ದರೆ ಹೆಚ್ಚಾಗಿ ಆಗಲೇ. ನಿಮ್ಮ ಡಾಕ್ಟ್ರು ಇದನ್ನು ಹೆಚ್ಚು ಕಡಿಮೆ ಮಾಡಬಹುದು, ಅದಕ್ಕೆ ಕಾರಣವೂ ಇರುತ್ತದೆ. ಆದರೆ ತಾರೀಕು ಇಲ್ಲದ ಚೀಟಿ ಹಿಡಿದು ಮನೆಗೆ ಬರಬೇಡಿ. 'ಮುಂದಿನ ಸಲ ಯಾವ ತಿಂಗಳು, ಅದನ್ನು ಇಲ್ಲೇ ಬರೆದು ಕೊಡಿ' ಅಂತ ಹೇಳಿ. ಬರೆಯುತ್ತಾರೆ. ಬೈಯುವುದಿಲ್ಲ.

ಸ್ಕ್ಯಾನ್ ಬಗ್ಗೆ ಒಂದು ಮಾತು. ಯಾವ ತೊಂದರೆಯೂ ಇಲ್ಲದ, ಸುರುವಿನ ಹಂತದ ಮೆಲನೋಮದವರಿಗೆ ವರ್ಷ ವರ್ಷ ಪೆಟ್ ಸ್ಕ್ಯಾನ್, ಪೂರ್ತಿ ಮೈಯ ಸಿಟಿ, ರಕ್ತ ಪರೀಕ್ಷೆಯ ಪ್ಯಾಕೇಜು ಬೇಡ ಅನ್ನುವುದೇ ಇವತ್ತಿನ ವೈದ್ಯಕೀಯ ಸಲಹೆ. ನಮ್ಮವರಿಗೆ ಮಾತ್ರ ಸ್ಕ್ಯಾನ್ ಮಾಡದಿದ್ದರೆ ಡಾಕ್ಟ್ರು ನೋಡಿಯೇ ಇಲ್ಲ ಅನಿಸುತ್ತದೆ. ಯಾರಾದರೂ ಬರೆದು ಕೊಟ್ಟರೆ ಒಂದೇ ಪ್ರಶ್ನೆ ಕೇಳಿ: 'ಇದರಲ್ಲಿ ಏನು ಬಂದರೆ ನನ್ನ ಚಿಕಿತ್ಸೆ ಬದಲಾಗುತ್ತದೆ?' ಸರಿಯಾದ ಉತ್ತರ ಬಂದರೆ ಮಾಡಿಸಿ.

ಸಂಕ್ರಮಣದ ದಿನ ಮೈ ನೋಡಿ

ಡಾಕ್ಟ್ರು ನೋಡುವುದು ಆರು ತಿಂಗಳಿಗೊಮ್ಮೆ. ನೀವು ನೋಡಬೇಕಾದದ್ದು ತಿಂಗಳಿಗೊಮ್ಮೆ. ತಾರೀಕು ಮರೆಯುತ್ತದೆ. ಹಾಗಾಗಿ ನಾನು ಸಂಕ್ರಮಣ ಇಟ್ಟುಕೊಂಡೆ, ಹೇಗೂ ಆ ದಿನ ಬೆಳಿಗ್ಗೆ ಬೇಗ ಸ್ನಾನ ಉಂಟು. ನಿಮಗೆ ಮೊದಲ ಶುಕ್ರವಾರ ಆಗುವುದಾದರೆ ಅದು.

ಬೆಳಕು ಹಗಲಿನದ್ದೇ ಬೇಕು. ಬಚ್ಚಲಿನ ಹಳದಿ ಬಲ್ಬು ಆಗದು. ಒಂದು ದೊಡ್ಡ ಕನ್ನಡಿ, ಒಂದು ಕೈಗನ್ನಡಿ. ತಲೆಯಿಂದ ಸುರು ಮಾಡಿ ಕೆಳಗೆ ಬನ್ನಿ: ನೆತ್ತಿ, ಕಿವಿಯ ಹಿಂದೆ, ಬೆನ್ನು, ಕುಂಡೆ, ಗುಪ್ತಾಂಗ. ಇದೆಲ್ಲ ಹೇಳಲಿಕ್ಕೆ ನಾಚಿಕೆ, ನೋಡಲಿಕ್ಕೆ ಐದು ನಿಮಿಷ. ಕೂದಲ ಒಳಗೆ ಮನೆಯವರು ನೋಡಲಿ, ಹೇನು ನೋಡಿ ಅಭ್ಯಾಸ ಇದ್ದವರೇ ಅಲ್ವಾ?

ಆದರೆ ನಮ್ಮ ಬಣ್ಣದ ಚರ್ಮದವರು ಎಲ್ಲಕ್ಕಿಂತ ಜಾಸ್ತಿ ಹೊತ್ತು ಕೊಡಬೇಕಾದದ್ದು ಅಂಗಾಲು, ಅಂಗೈ, ಬೆರಳ ಸಂದು ಮತ್ತು ಉಗುರಿಗೆ. ಮೆಲನೋಮ ನಮ್ಮಲ್ಲಿ ಹೆಚ್ಚಾಗಿ ಕೂತುಕೊಳ್ಳುವುದು ಅಲ್ಲಿ. ಬಿಸಿಲು ಬೀಳದ ಜಾಗ, ಯಾರೂ ನೋಡದ ಜಾಗ. ತೋಟದಲ್ಲಿ ಬರಿಗಾಲಲ್ಲಿ ತಿರುಗುವವರಿಗೆ ಅಲ್ಲಿ ಒಂದು ಕಪ್ಪು ಕಂಡರೆ ಮುಳ್ಳು ಮುರಿದದ್ದು, ಆಣಿ, ಕಲ್ಲು ತಾಗಿ ರಕ್ತ ಹೆಪ್ಪುಗಟ್ಟಿದ್ದು ಅಂತ ನೂರು ಸಮಾಧಾನ ಸಿಗುತ್ತದೆ. ನಾನು ಒಂದೂವರೆ ವರ್ಷ ಆಣಿ ಅಂತ ಬ್ಲೇಡಿನಲ್ಲಿ ಕೆರೆದುಕೊಂಡೇ ಇದ್ದೆ. ಉಗುರಿನಲ್ಲಿ ಕಪ್ಪು ಗೆರೆ ನಮ್ಮಲ್ಲಿ ಹಲವರಿಗೆ ಹಲವು ಬೆರಳಲ್ಲಿ ಇರುತ್ತದೆ, ಅದಕ್ಕೆ ಹೆದರಬೇಡಿ. ಒಂದೇ ಉಗುರಿನಲ್ಲಿ ಹೊಸದಾಗಿ ಬಂದು ಅಗಲ ಆಗುತ್ತಾ ಹೋದರೆ, ಕಪ್ಪು ಉಗುರು ಬಿಟ್ಟು ಪಕ್ಕದ ಚರ್ಮಕ್ಕೆ ಇಳಿದರೆ, ಅವತ್ತೇ ಹೊರಡಿ.

ಎರಡನೇ ಸಂಕ್ರಮಣಕ್ಕೆ ನನಗೆ ಬಲಗೈಯ ಅಂಗೈಯಲ್ಲಿ ಕಪ್ಪು ಚುಕ್ಕೆ ಕಂಡಿತು. ರಾತ್ರಿ ನಿದ್ದೆ ಇಲ್ಲ. ಬೆಳಿಗ್ಗೆ ಹೆಂಡತಿ ನಿಂಬೆಹುಳಿ ಹಾಕಿ ತಿಕ್ಕಿದಳು, ಅರ್ಧ ಹೋಯಿತು. ಬಾಳೆಕಾಯಿಯ ಕರೆ ಮಾರಾಯ್ರೆ! ಬಾಳೆಕಾಯಿ, ಗೇರುಹಣ್ಣು, ಹಸಿ ಅಡಿಕೆ, ಹಲಸು ಮುಟ್ಟುವ ಕೈ ನಮ್ಮದು. ಹಾಗಾಗಿ ಸಾಬೂನು, ಹುಳಿ ಹಾಕಿ ತೊಳೆದು ನೋಡಿ, ಫೋಟೋ ತೆಗೆದಿಟ್ಟು ಎರಡು ವಾರ ಬಿಟ್ಟು ಮತ್ತೆ ನೋಡಿ. ಫೋಟೋ ತೆಗೆಯುವಾಗ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯವೋ ಮಕ್ಕಳ ಸ್ಕೇಲೋ ಇರಲಿ. ದೊಡ್ಡದಾಯಿತಾ ಅಂತ ನೆನಪಿನಲ್ಲಿ ಅಳೆಯಲಿಕ್ಕೆ ಆಗುವುದಿಲ್ಲ. ಕರೆ ಹೋಗುತ್ತದೆ ಇಲ್ಲವೇ ಮಾಸುತ್ತದೆ. ಮಾಸದ್ದನ್ನು, ಬೆಳೆದದ್ದನ್ನು, ಒಂದೇ ಮಚ್ಚೆಯಲ್ಲಿ ಎರಡು ಮೂರು ಬಣ್ಣ ಇರುವುದನ್ನು, ರಕ್ತ ಒಸರುವುದನ್ನು, ನಾಲ್ಕು ವಾರಕ್ಕೂ ಮಾಯದ ಹುಣ್ಣನ್ನು ತೋರಿಸಲೇಬೇಕು. ಬೇಸಲ್ ಸೆಲ್ ನಮ್ಮಲ್ಲಿ ಕಪ್ಪಾಗಿ ಹೊಳೆಯುವ ಮಚ್ಚೆಯ ಹಾಗೇ ಇರುವುದು ಮಾಮೂಲು. ಬಿಳಿಯರ ಚಿತ್ರಗಳಲ್ಲಿ ಕಾಣುವ ಕೆಂಪು ಗುಳ್ಳೆ ಹುಡುಕುತ್ತಾ ಕೂತರೆ ಸಿಕ್ಕಲಿಕ್ಕಿಲ್ಲ.

ಕಣ್ಣಿನ ಕೆಲಸ ಮುಗಿದ ಮೇಲೆ ಬೆರಳ ಕೆಲಸ. ಆಪರೇಷನ್ ಆದ ಕಲೆಯ ಮೇಲೆ, ಅದರ ಸುತ್ತ, ಅಲ್ಲಿಂದ ಹತ್ತಿರದ ಗ್ರಂಥಿಯವರೆಗೆ ಬೆರಳ ಅಡಿಯಿಂದ ಮೆಲ್ಲ ಒತ್ತಿ ನೋಡುತ್ತಾ ಹೋಗಿ. ಕಾಲಿನದ್ದಾದರೆ ಮೊಣಕಾಲ ಹಿಂದೆ ಮತ್ತು ತೊಡೆಸಂದು. ಕೈಯದ್ದಾದರೆ ಕಂಕುಳು. ಮುಖ, ತಲೆಯದ್ದಾದರೆ ಕಿವಿಯ ಮುಂದೆ, ಕುತ್ತಿಗೆ. ಕಾಲಿಗೆ ಗಾಯ ಆಗಿ ತೊಡೆಸಂದಿನಲ್ಲಿ ಗಂಟು ಕಟ್ಟುವುದು ನಮಗೆ ಹೊಸದಲ್ಲ. ಅದು ನೋಯುತ್ತದೆ, ಗಾಯ ಮಾಯುವಾಗ ಇಳಿಯುತ್ತದೆ. ನೋವಿಲ್ಲದ, ಗಟ್ಟಿಯಾದ, ಎರಡು ವಾರಕ್ಕೂ ಇಳಿಯದ ಗಂಟು ಬೇರೆ ಸಂಗತಿ. ರಿವ್ಯೂ ತಾರೀಕು ಬರಲಿ ಅಂತ ಕಾಯಬೇಡಿ.

ಡಾಕ್ಟ್ರ ಕೋಣೆಯಲ್ಲಿ

ನನ್ನ ಮೊದಲ ರಿವ್ಯೂ ಒಂದು ನಿಮಿಷದ್ದು. ಕಾಲು ತೋರಿಸಿದೆ, 'ಚೆನ್ನಾಗಿ ಒಣಗಿದೆ' ಅಂದರು, ಮುಗಿಯಿತು. ತೊಡೆಸಂದು ಮುಟ್ಟಲಿಲ್ಲ, ಇನ್ನೊಂದು ಕಾಲು ನೋಡಲಿಲ್ಲ. ತಪ್ಪು ಅರ್ಧ ನನ್ನದೂ, ಪ್ಯಾಂಟು ಬೂಟು ಹಾಕಿ ಮದುವೆಗೆ ಹೊರಟವನ ಹಾಗೆ ಹೋಗಿದ್ದೆ. ಈಗ ಮುಂಡು ಉಟ್ಟು, ಚಪ್ಪಲಿ ಮೆಟ್ಟಿ ಹೋಗುತ್ತೇನೆ. ಹೆಂಗಸರಾದರೆ ಸುಲಭದಲ್ಲಿ ತೆಗೆಯುವ ಬಟ್ಟೆ ಇರಲಿ. ಹೆಂಗಸು ಡಾಕ್ಟ್ರು, ಇಲ್ಲದಿದ್ದರೆ ಹತ್ತಿರ ನರ್ಸ್ ನಿಲ್ಲಬೇಕು ಅಂತ ಕೇಳಿ. ಉಗುರಿಗೆ ಬಣ್ಣ ಬೇಡ. ಆ ತಿಂಗಳು ಮನೆಯಲ್ಲಿ ಮದುವೆ ಇದ್ದರೆ ಮದರಂಗಿಯನ್ನು ರಿವ್ಯೂ ಆದ ಮೇಲೆ ಹಚ್ಚಿ, ಮದರಂಗಿ ಅಡಿಯಲ್ಲಿ ಏನೂ ಕಾಣುವುದಿಲ್ಲ.

ಒಳಗೆ ಹೋದ ಕೂಡಲೇ ಎರಡು ಸಾಲಿನಲ್ಲಿ ಹೇಳಿ: 'ಇಂಥ ತಿಂಗಳು ಇಂಥದ್ದು ತೆಗೆದಿದ್ದಾರೆ, ದಪ್ಪ ಇಷ್ಟು, ಅಂಚು ಕ್ಲಿಯರ್. ಇವತ್ತು ಪೂರ್ತಿ ಮೈ ಮತ್ತು ಗ್ರಂಥಿ ನೋಡಬೇಕು.' ಇಷ್ಟು ಹೇಳಿದರೆ ಎದುರಿನವರು ಕುರ್ಚಿಯಲ್ಲಿ ನೆಟ್ಟಗೆ ಕೂರುತ್ತಾರೆ, ನಾನು ನೋಡಿದ್ದೇನೆ. ಹೊಸ ಮಚ್ಚೆ ತೋರಿಸಿದಾಗ 'ಏನಿಲ್ಲ' ಅಂದರೆ ಜಗಳ ಬೇಡ. ಡರ್ಮೋಸ್ಕೋಪ್ ಹಾಕಿ ನೋಡುತ್ತೀರಾ ಅಂತ ಕೇಳಿ. ಅದು ದೀಪ ಇರುವ ಸಣ್ಣ ಭೂತಗನ್ನಡಿ, ನೋವಿಲ್ಲ. ಎಷ್ಟು ದಿನ ಕಾಯಬಹುದು, ಏನಾದರೆ ಮತ್ತೆ ಬರಬೇಕು ಅಂತ ಕೇಳಿ. 'ನೋಡಿದ್ದೇನೆ, ಬಯಾಪ್ಸಿ ಬೇಡ' ಅಂತ ಚೀಟಿಯಲ್ಲಿ ಬರೆದು ಕೊಡಲು ಹೇಳಿ. ಬರೆಯಬೇಕಾಗಿ ಬಂದಾಗ ಮನುಷ್ಯರು ಇನ್ನೊಮ್ಮೆ ನೋಡುತ್ತಾರೆ. ಬೇರೆ ಡಾಕ್ಟ್ರ ಅಭಿಪ್ರಾಯ ಕೇಳುವುದು ಅವಮಾನ ಅಲ್ಲ. ರಾಷ್ಟ್ರೀಯ ಮಾನವ ಹಕ್ಕು ಆಯೋಗ ತಯಾರಿಸಿದ ರೋಗಿಗಳ ಹಕ್ಕುಗಳ ಪಟ್ಟಿಯಲ್ಲಿ ಅದೂ ಒಂದು.

ಒಂದು ವಿಷಯದಲ್ಲಿ ಮಾತ್ರ ಹಟ ಮಾಡಿ. ಇನ್ನು ಮುಂದೆ ನಿಮ್ಮ ಮೈಯಿಂದ ಯಾವ ಮಚ್ಚೆ, ಗುಳ್ಳೆ ತೆಗೆದರೂ ಅದು ಪೆಥಾಲಜಿಗೆ ಹೋಗಬೇಕು. ಸುಮ್ನೆ ಕಾಟರಿಯಲ್ಲಿ ಸುಡುವುದು, ಲೇಸರ್ ಹಾಕುವುದು ಬೇಡ. ಬಾಟ್ಲಿ ನಿಮ್ಮ ಕೈಗೇ ಕೊಟ್ಟು ಲ್ಯಾಬಿಗೆ ಕಳಿಸುವುದೂ ಉಂಟು. ಮೇಲೆ ನಿಮ್ಮ ಹೆಸರು, ಯಾವ ಜಾಗದಿಂದ ತೆಗೆದದ್ದು ಅಂತ ಬರೆದಿದೆಯಾ, ತುಂಡು ಫಾರ್ಮಲಿನ್‌ನಲ್ಲಿ (ಅದು ಕೆಡದ ಹಾಗೆ ಇಡುವ ದ್ರವ) ಪೂರ್ತಿ ಮುಳುಗಿದೆಯಾ ನೋಡಿ. ಉಪ್ಪುನೀರಿನಲ್ಲಿ ಹಾಕಿದ್ದರೆ ವಾಪಸು ಒಳಗೆ ಹೋಗಿ ಹೇಳಿ.

ಬಿಪಿ ಮಾತ್ರೆಯ ಚೀಟಿಯನ್ನೂ ಒಯ್ಯಿರಿ. ಹೈಡ್ರೋಕ್ಲೋರೋಥಯಾಜೈಡ್ ಅನ್ನುವ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರಲ್ಲಿ ಸ್ಕ್ವೇಮಸ್ ಸೆಲ್ ಸ್ವಲ್ಪ ಜಾಸ್ತಿ ಕಂಡಿದೆ, 2018ರಲ್ಲಿ ಯುರೋಪಿನಲ್ಲಿ, 2020ರಲ್ಲಿ ಅಮೆರಿಕದಲ್ಲಿ ಎಚ್ಚರಿಕೆಯೂ ಬಂತು. ಬದಲಿ ಮಾತ್ರೆ ಉಂಟಾ ಅಂತ ಕೇಳಿ. ನೀವೇ ನಿಲ್ಲಿಸಿದರೆ ಬಿಪಿ ಏರಿ ಬೇರೆ ಕಥೆ ಆದೀತು.

ಸುಣ್ಣ, ಸೋಡ, ಗೇರೆಣ್ಣೆ

ಮಚ್ಚೆ ಉದುರಲಿ ಅಂತ ಸುಣ್ಣ ಸೋಡ ಕಲಸಿ ಇಡುವುದು, ಕೂದಲು ಕಟ್ಟುವುದು, ಗೇರೆಣ್ಣೆ ಹಚ್ಚುವುದು ನಮ್ಮಲ್ಲಿ ಈಗಲೂ ಉಂಟು. ಹಿಮ್ಮಡಿ ಒಡೆದದ್ದಕ್ಕೆ ಗೇರೆಣ್ಣೆ ನನ್ನ ಅಜ್ಜಿಯೂ ಹಚ್ಚುತ್ತಿದ್ದಳು, ಅದರ ತಂಟೆಗೆ ನಾನು ಬರುವುದಿಲ್ಲ. ಆದರೆ ಕ್ಯಾನ್ಸರ್ ಬಂದು ಹೋದ ಚರ್ಮದ ಮೇಲೆ ಬೇಡ. ಮೇಲಿನದ್ದು ಸುಟ್ಟು ಹೋಗುತ್ತದೆ, ಅಡಿಯದ್ದು ಉಳಿಯುತ್ತದೆ, ಆಮೇಲೆ ಬಯಾಪ್ಸಿ ಮಾಡಿದರೂ ದಪ್ಪ ಅಳೆಯಲಿಕ್ಕೆ ಸಿಗುವುದಿಲ್ಲ. ಪಾಷಾಣ ಹಾಕಿದ ಔಷಧ ಅಂತೂ ದೂರ ಇರಲಿ. ಆರ್ಸೆನಿಕ್ ಚರ್ಮದ ಕ್ಯಾನ್ಸರ್ ತರುತ್ತದೆ ಅನ್ನುವುದು ಹಳೇ ವಿಷಯ.

ಗಾಯ ಪೂರ್ತಿ ಮಾಯ್ದ ಮೇಲೆ ಕಲೆಯನ್ನು ಬರೀ ತೆಂಗಿನೆಣ್ಣೆಯಲ್ಲಿ ದಿನಾ ಸ್ವಲ್ಪ ತಿಕ್ಕಬಹುದು, ಡಾಕ್ಟ್ರಲ್ಲಿ ಕೇಳಿ ಸುರು ಮಾಡಿ. ಅಂಗಾಲಿನ ಗ್ರಾಫ್ಟ್‌ಗೆ, ಅಂದರೆ ಅಂಟಿಸಿದ ಚರ್ಮಕ್ಕೆ, ಸ್ಪರ್ಶ ಕಡಿಮೆ. ಗೊತ್ತಿಲ್ಲದೆ ಉಜ್ಜಿ ಹುಣ್ಣಾಗುತ್ತದೆ. ಸಕ್ಕರೆ ಕಾಯಿಲೆಯವರಿಗೆ ಕೊಡುವ ಎಂಸಿಆರ್ ಮೆತ್ತನೆ ಚಪ್ಪಲಿ ನನಗೆ ಬದುಕು ಕೊಟ್ಟಿತು.

ಬಿಸಿಲಿನ ವಿಷಯ. ಅಂಗಾಲಿನ ಮೆಲನೋಮಕ್ಕೆ ಬಿಸಿಲು ಕಾರಣ ಅಂತ ಇಲ್ಲ, ಹಾಗಾಗಿ ನನಗೆ ಸನ್‌ಸ್ಕ್ರೀನ್ ಬರೆದು ಕೊಟ್ಟವರನ್ನು ನೋಡಿ ನಗು ಬಂತು. ಮುಖ, ಕಿವಿ, ಕೈಯಲ್ಲಿ ಬೇಸಲ್, ಸ್ಕ್ವೇಮಸ್ ಬಂದವರಿಗೆ ಮಾತ್ರ ಅದು ನಗುವ ವಿಷಯವಲ್ಲ. ಅಡಿಕೆ ಹಾಳೆಯ ಮುಟ್ಟಾಳೆ ನೆತ್ತಿ ಕಾಯುತ್ತದೆ, ಕಿವಿ, ಮೂಗು, ಕುತ್ತಿಗೆ ಹಾಗೇ ಹೊರಗೆ. ಸುತ್ತ ಅಂಚು ಇರುವ ಟೊಪ್ಪಿ ಬೇಕು, ಇಲ್ಲದಿದ್ದರೆ ಮುಟ್ಟಾಳೆ ಅಡಿಗೆ ಒಂದು ಬೈರಾಸು ಇಳಿಬಿಡಿ. ಅಂಗಳದಲ್ಲಿ ಅಡಿಕೆ ಹರಡುವ ಕೆಲಸ ಬೆಳಿಗ್ಗೆ ಬೇಗ, ರಾಶಿ ಮಾಡುವುದು ಸಂಜೆ.

ಗಡಿ

2020ರ ಮಾರ್ಚಿನಲ್ಲಿ ಕೊರೋನಾ ಅಂತ ತಲಪಾಡಿ ಗಡಿ ಮುಚ್ಚಿದ್ದು ಯಾರಿಗೂ ಮರೆತಿಲ್ಲ. ರಸ್ತೆಗೆ ಮಣ್ಣು ಸುರಿದಿದ್ದರು, ಆಂಬುಲೆನ್ಸ್‌ಗಳು ವಾಪಸಾದವು. ನನ್ನ ರಿವ್ಯೂ ಇದ್ದದ್ದು ಏಪ್ರಿಲ್‌ನಲ್ಲಿ. ಆಗ ಗೊತ್ತಾಯಿತು, ಒಂದೇ ಕಡೆ ನೆಚ್ಚಿ ಕೂರಬಾರದು ಅಂತ. ಮಂಗಳೂರಿನವರೇ ನೋಡಲಿ, ಬೇಡ ಅನ್ನುವುದಿಲ್ಲ. ಆದರೆ ಗಡಿಯ ಈಚೆಯೂ ಒಂದು ಕಡೆ ಒಪಿ (ಹೊರರೋಗಿ) ನಂಬರ್ ಮಾಡಿಸಿ, ಫೈಲಿನ ಪ್ರತಿ ಕೊಟ್ಟು ಒಂದು ಸಲ ತೋರಿಸಿ ಬನ್ನಿ. ನಾನು ಮಾಡಿಸಿದ್ದು ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್‌ನಲ್ಲಿ. ಕಾಸರಗೋಡಿನಿಂದ ರೈಲಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಮಲಯಾಳ ಓದಲಿಕ್ಕೆ ಬಾರದವರು ಚೀಟಿಯನ್ನು ಅಲ್ಲೇ ಕೂತ ಪಕ್ಕದವರ ಹತ್ತಿರ ಓದಿಸಿ, ಕನ್ನಡದಲ್ಲಿ ಹಿಂದೆ ಬರೆದುಕೊಳ್ಳಿ, ಮನೆಗೆ ಬಂದ ಮೇಲೆ ಆಗುವುದಿಲ್ಲ.

ಕಾರುಣ್ಯ ಆರೋಗ್ಯ ಸುರಕ್ಷಾ ಕಾರ್ಡಿನಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ಅಂತ ಇರುವುದು ಆಸ್ಪತ್ರೆಯಲ್ಲಿ ದಾಖಲಾದರೆ. ಒಪಿ ರಿವ್ಯೂಗೆ ಅದು ಬರುವುದಿಲ್ಲ. ಗಡಿ ಆಚೆ ಅಡ್ಮಿಟ್ ಆಗುವುದಿದ್ದರೆ ಕಾರ್ಡ್ ನಡೆಯುತ್ತದಾ ಅಂತ ಮೊದಲೇ ಕೌಂಟರಿನಲ್ಲಿ ಕೇಳಿ, ಬಿಲ್ಲು ಬಂದ ಮೇಲೆ ಅಲ್ಲ. ಕೇರಳದ ಆರೋಗ್ಯ ಸಹಾಯವಾಣಿ ದಿಶಾ, ನಂಬರ್ 1056.

ರೈಲಿನ ರಿಯಾಯಿತಿ ಕೇಳಿ ಪಡೆಯಿರಿ. ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆಗೆ ಹೋಗುವಾಗ ಮಾತ್ರ ಅಲ್ಲ, ಆಮೇಲಿನ ಚೆಕಪ್ಪಿಗೆ ಹೋಗುವಾಗಲೂ ಉಂಟು: ಸ್ಲೀಪರ್ ಮತ್ತು ತ್ರೀ ಎಸಿಯಲ್ಲಿ ಪೂರ್ತಿ, ಸೆಕೆಂಡ್ ಕ್ಲಾಸಿನಲ್ಲಿ ನೂರಕ್ಕೆ 75. ಜೊತೆಗೆ ಹೋಗುವ ಒಬ್ಬರಿಗೂ 75. ಆಸ್ಪತ್ರೆಯಿಂದ ರೈಲ್ವೆಯ ನಮೂನೆಯಲ್ಲೇ ಸರ್ಟಿಫಿಕೇಟ್ ಬರೆಸಿಕೊಳ್ಳಬೇಕು. ನನಗೆ ಇದು ಗೊತ್ತಾದದ್ದು ಮೂರನೇ ವರ್ಷ, ರೈಲಿನಲ್ಲಿ ಪಕ್ಕ ಕೂತ ಕುಂಬಳೆಯ ಹೆಂಗಸೊಬ್ಬರಿಂದ.

ಊರಿನ ಬಾಯಿ

'ಎಂಡೋಸಲ್ಫಾನ್‌ನಿಂದಲಾ?' ಇದು ಎಲ್ಲರ ಮೊದಲ ಪ್ರಶ್ನೆ. ಪೆರ್ಲ, ಸ್ವರ್ಗ, ಪಡ್ರೆ ಕಡೆಯವರಿಗೆ ಆ ಪ್ರಶ್ನೆ ಬರುವುದು ಸಹಜ, ಗೇರುತೋಟಗಳಿಗೆ ಸಿಂಪಡಿಸಿದ ಆ ಕೀಟನಾಶಕದಿಂದ ಇಲ್ಲಿ ಆದದ್ದನ್ನು ಕಂಡವರು ನಾವು. ನನ್ನ ಮಚ್ಚೆಗೆ ಅದೇ ಕಾರಣ ಅಂತ ಮಾತ್ರ ಯಾವ ಡಾಕ್ಟ್ರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಎರಡನೇ ಮಾತು, 'ಯಾರಿಗೂ ಹೇಳಬೇಡಿ, ಮಗಳ ಮದುವೆ ಆಗಬೇಕಷ್ಟೆ.' ಊರಿಗೆ ಹೇಳದಿದ್ದರೆ ಬೇಡ. ಒಡಹುಟ್ಟಿದವರಿಗೆ, ಮಕ್ಕಳಿಗೆ ಹೇಳಲೇಬೇಕು. ಮೆಲನೋಮ ಬಂದವರ ಹತ್ತಿರದ ರಕ್ತ ಸಂಬಂಧಿಗಳಿಗೆ ಅದು ಬರುವ ಸಂಭವ ಉಳಿದವರಿಗಿಂತ ಸ್ವಲ್ಪ ಜಾಸ್ತಿ, ಅವರೂ ಅಂಗಾಲು ನೋಡಿಕೊಳ್ಳಬೇಕು. ನನ್ನ ಅಣ್ಣ ಮೊದಮೊದಲು ಸಿಡುಕಿದ. ಈಗ ಸಂಕ್ರಮಣ ಬಂದರೆ ಜಗಲಿಯಲ್ಲಿ ಕಾಲು ಚಾಚಿ ಕೂತು 'ಇದೆಂತ ನೋಡು' ಅನ್ನುತ್ತಾನೆ. ಹೆಚ್ಚಾಗಿ ಅದು ಕೆಸರು.